ಇಗರ್ಜಿಗೆ ಜಾಗವಿಲ್ಲದ ಊರು

ಪೋಲೆಂಡಿನ ಹಳೆಯ ರಾಜಧಾನಿ ಕ್ರಾಕೋದಿಂದ ಪೂರ್ವಕ್ಕೆ ಹೋದರೆ ವಿಸ್ತುಲಾ ನದಿಯ ಬಯಲು ಸಿಗುತ್ತದೆ. 1949ಕ್ಕೆ ಮೊದಲು ಅಲ್ಲಿ ಮೊಗಿವಾ, ಬಿಯೆಂಚಿತ್ಸೆ, ಪ್ಲೆಶೂಫ್ ಎಂಬ ರೈತರ ಹಳ್ಳಿಗಳಿದ್ದವು. ಮಣ್ಣು ಕಪ್ಪು, ಫಲವತ್ತಾದದ್ದು. ಕ್ರಾಕೋದ ಸಂತೆಗೆ ತರಕಾರಿ, ಗೋಧಿ ಇಲ್ಲಿಂದ ಹೋಗುತ್ತಿತ್ತು. ಮೊಗಿವಾದಲ್ಲಿ ಹದಿಮೂರನೆಯ ಶತಮಾನದಿಂದಲೂ ಸಿಸ್ಟರ್ಸಿಯನ್ ಸನ್ಯಾಸಿಗಳ ಮಠವಿತ್ತು. ಅಲ್ಲಿಯ ಪವಿತ್ರ ಶಿಲುಬೆಯ ಮುಂದೆ ಮಂಡಿಯೂರಲು ಸುತ್ತಲಿನ ಹಳ್ಳಿಗಳಿಂದ ಜನ ನಡೆದು ಬರುತ್ತಿದ್ದರು. 1949ರ ಜೂನ್ 23ರಂದು ಈ ಹೊಲಗಳ ನಡುವೆ ಮೊದಲ ವಸತಿ ಕಟ್ಟಡದ ಕೆಲಸ ಶುರುವಾಯಿತು. ಊರಿನ ಹೆಸರು ನೋವಾ ಹುತಾ. ದೊಡ್ಡದೊಂದು ಉಕ್ಕಿನ ಕಾರ್ಖಾನೆ, ಅದರ ಕಾರ್ಮಿಕರು ವಾಸಿಸಲು ಅದರ ಪಕ್ಕದಲ್ಲೇ ಒಂದು ಇಡೀ ನಗರ: ಯೋಜನೆ ಇಷ್ಟು.

ಕಾರ್ಖಾನೆಯ ವಿನ್ಯಾಸ, ಯಂತ್ರಗಳು, ತಂತ್ರಜ್ಞರ ನೆರವು ಬಹುಪಾಲು ಸೋವಿಯತ್ ದೇಶದಿಂದ ಬಂದವು. ಕೆಲವು ವರ್ಷಗಳ ನಂತರ ನಮ್ಮ ಭಿಲಾಯಿಗೂ ಅದೇ ದೇಶದ ನೆರವು ಬಂದದ್ದನ್ನು ಓದುಗರು ನೆನೆಯಬಹುದು. ಆದರೆ ಪೋಲೆಂಡಿನಲ್ಲಿ ಕಾರ್ಖಾನೆಯ ಜೊತೆಗೆ ಇನ್ನೊಂದು ಉದ್ದೇಶವೂ ಇತ್ತು. ಕ್ರಾಕೋ ವಿಶ್ವವಿದ್ಯಾಲಯದ ಊರು, ರಾಜರ ಸಮಾಧಿಗಳ ಊರು, ಬೀದಿ ಬೀದಿಯಲ್ಲೂ ಚರ್ಚುಗಳಿರುವ ಊರು. ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಅದು ಒಲಿಯಲಿಲ್ಲ. ಅದರ ಮಗ್ಗುಲಲ್ಲೇ ಸಾವಿರಾರು ಕಾರ್ಮಿಕರನ್ನು ತಂದು ನೆಲೆಗೊಳಿಸಿದರೆ ಹಳೆಯ ನಗರದ ಸ್ವಭಾವವೇ ಬದಲಾಗುತ್ತದೆಂಬ ಲೆಕ್ಕಾಚಾರವಿತ್ತು. ನೀರು, ರೈಲು, ಸಿಲೇಸಿಯಾದ ಕಲ್ಲಿದ್ದಲು ಹತ್ತಿರವಿದ್ದದ್ದೂ ಕಾರಣವೇ. ಎರಡರಲ್ಲಿ ಯಾವುದು ಹೆಚ್ಚು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. 1951ರಲ್ಲಿ ನೋವಾ ಹುತಾವನ್ನು ಕ್ರಾಕೋ ನಗರಕ್ಕೇ ಸೇರಿಸಲಾಯಿತು. ಹಳೆಯ ನಗರಕ್ಕೆ ಒಂದು ದೈತ್ಯ ಉಪನಗರ ಅಂಟಿಕೊಂಡಿತು.

ಮುಖ್ಯ ವಾಸ್ತುಶಿಲ್ಪಿ ತದೇವುಶ್ ಪ್ತಶಿತ್ಸ್ಕಿ ಮತ್ತು ಅವರ ತಂಡ ಹಾಕಿದ ನಕ್ಷೆಯನ್ನು ಈಗ ನೋಡಿದರೂ ಮೆಚ್ಚುಗೆಯಾಗುತ್ತದೆ. ನಡುವೆ ಒಂದು ಕೇಂದ್ರ ಚೌಕ. ಅಲ್ಲಿಂದ ಬೀಸಣಿಗೆಯ ಕಡ್ಡಿಗಳಂತೆ ಹೊರಡುವ ಅಗಲವಾದ ರಸ್ತೆಗಳು. ಕಮಾನುಗಳ ಕೆಳಗೆ ಅಂಗಡಿಗಳು. ಪ್ರತಿ ಬಡಾವಣೆಗೂ ಶಾಲೆ, ಶಿಶುವಿಹಾರ, ಮರಗಳಿಂದ ತುಂಬಿದ ಅಂಗಳ. ಆಸ್ಪತ್ರೆ ಬಂತು, 1955ರಲ್ಲಿ ಜನತಾ ರಂಗಮಂದಿರವೂ ಬಂತು. 1954ರ ಜುಲೈ 22ರಂದು ಲೆನಿನ್ ಹೆಸರಿನ ಕಾರ್ಖಾನೆಯ ಊದುಕುಲುಮೆ ಉರಿಯತೊಡಗಿತು. ಮಣ್ಣಿನ ನೆಲದ ಗುಡಿಸಿಲಿನಲ್ಲಿ ಹುಟ್ಟಿದ ರೈತನ ಮಗನಿಗೆ ಮೊದಲ ಬಾರಿಗೆ ಬಚ್ಚಲಿನಲ್ಲಿ ನಲ್ಲಿಯ ನೀರು, ಮನೆಯಲ್ಲಿ ವಿದ್ಯುತ್ ದೀಪ, ತಿಂಗಳ ಕೊನೆಗೆ ಸಂಬಳ ಸಿಕ್ಕಿತು. ಇದನ್ನು ಮರೆತು ನೋವಾ ಹುತಾದ ಕಥೆಯನ್ನು ಹೇಳುವವರು ಅರ್ಧ ಕಥೆ ಹೇಳುತ್ತಾರೆ.

ಆ ನಕ್ಷೆಯಲ್ಲಿ ಇಗರ್ಜಿಗೆ ಮಾತ್ರ ಜಾಗವಿರಲಿಲ್ಲ. ಮರೆತದ್ದರಿಂದ ಹಾಗಾಗಲಿಲ್ಲ. ದೇವರ ಅಗತ್ಯವಿಲ್ಲದ ಹೊಸ ಮನುಷ್ಯನಿಗಾಗಿ ಕಟ್ಟಿದ ನಗರ ಅದು.

ಅಲ್ಲಿಗೆ ಬಂದು ಸೇರಿದ ಜನ ಮಾತ್ರ ಹಳಬರೇ. ಬಹುಪಾಲು ಯುವಕ ಯುವತಿಯರು ದಕ್ಷಿಣ ಪೋಲೆಂಡಿನ ಬಡ ಹಳ್ಳಿಗಳಿಂದ ಬಂದವರು. ಮೊದಲು ಮರದ ಬ್ಯಾರಕ್ಕುಗಳಲ್ಲಿ, ಕಾರ್ಮಿಕರ ಹಾಸ್ಟೆಲ್ಲುಗಳಲ್ಲಿ ಇದ್ದರು; ಮದುವೆಯಾದ ಮೇಲೆ ಫ್ಲ್ಯಾಟು ಸಿಕ್ಕಿತು; ಮಕ್ಕಳಾದವು. ಮಗುವಿಗೆ ದೀಕ್ಷಾಸ್ನಾನ ಮಾಡಿಸಬೇಕು, ಸತ್ತವರಿಗೆ ಪೂಜೆ ಹೇಳಿಸಬೇಕು, ಭಾನುವಾರ ಬಲಿಪೂಜೆಗೆ ಹೋಗಬೇಕು. ಎಲ್ಲಿಗೆ? ಮೊಗಿವಾದ ಮಠಕ್ಕೆ, ಇಲ್ಲವೇ ಬಿಯೆಂಚಿತ್ಸೆಯ ಪುಟ್ಟ ಪ್ರಾರ್ಥನಾಲಯಕ್ಕೆ. ಹಳ್ಳಿಯ ಕೆಲವು ನೂರು ಜನರಿಗೆ ಸಾಕಾಗುತ್ತಿದ್ದ ಜಾಗದ ಮುಂದೆ ನಗರವೊಂದರ ಜನ ನಿಂತರು. 1960ರ ಹೊತ್ತಿಗೆ ನೋವಾ ಹುತಾದ ಜನಸಂಖ್ಯೆ ಲಕ್ಷ ತಲುಪಿತ್ತು. ಒಳಗೆ ಹಿಡಿಸಿದಷ್ಟು ಜನ ಒಳಗೆ. ಮಿಕ್ಕವರು ಮಳೆಯಲ್ಲೂ ಹಿಮದಲ್ಲೂ ಹೊರಗೆ ನಿಂತು ಪೂಜೆಯಲ್ಲಿ ಭಾಗವಹಿಸುತ್ತಿದ್ದರು.

ಕಥೋಲಿಕ ಸಭೆಯಲ್ಲಿ ಒಂದು ಹೊಸ ಧರ್ಮಕೇಂದ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಭಕ್ತರು ಸೇರಿ ದುಡ್ಡು ಕೂಡಿಸಿ ಕಟ್ಟಡ ಕಟ್ಟಿಬಿಟ್ಟರೆ ಅದು ಧರ್ಮಕೇಂದ್ರವಾಗುವುದಿಲ್ಲ. ಧರ್ಮಕ್ಷೇತ್ರದ ಬಿಷಪ್ಪರು ಇಂತಿಂಥ ಬೀದಿಯಿಂದ ಇಂತಿಂಥ ಹಳ್ಳದವರೆಗೆ ಎಂದು ಎಲ್ಲೆ ಗೊತ್ತುಮಾಡಿ, ಹಳೆಯ ಧರ್ಮಕೇಂದ್ರದಿಂದ ಒಂದು ಭಾಗವನ್ನು ಬಿಡಿಸಿ, ಅಲ್ಲಿಯ ಜನರಿಗೆ ತಮ್ಮದೇ ಆದ ಒಬ್ಬ ಗುರುವನ್ನು ನೇಮಿಸಬೇಕು. ಆಗ ಜಾರಿಯಲ್ಲಿದ್ದ 1917ರ ಧರ್ಮಸಭಾ ಕಾನೂನು ಪ್ರತಿಯೊಂದು ಭಾಗಕ್ಕೂ ಮೂರನ್ನು ಕೇಳುತ್ತಿತ್ತು: ಒಂದು ದೇವಾಲಯ, ಗೊತ್ತಾದ ಜನ, ಒಬ್ಬ ಪಾಲಕ ಗುರು. ಬೆಂಗಳೂರಿನ ಸುತ್ತ ಬಡಾವಣೆ ಬೆಳೆದಂತೆ ದೊಡ್ಡ ಧರ್ಮಕೇಂದ್ರಗಳನ್ನು ಒಡೆದು ಹೊಸದನ್ನು ಮಾಡುವುದನ್ನು ಕಂಡವರಿಗೆ ಈ ಕ್ರಮ ಗೊತ್ತಿರುತ್ತದೆ. ಪೋಲೆಂಡಿನಲ್ಲಿ ಇದರ ಮೇಲೆ ಇನ್ನೊಂದು ಬೀಗವಿತ್ತು. 1953ರ ಫೆಬ್ರವರಿಯಲ್ಲಿ ಹೊರಟ ಆಜ್ಞೆಯ ಪ್ರಕಾರ ಗುರುಗಳ ನೇಮಕಕ್ಕೂ ವರ್ಗಾವಣೆಗೂ ಸರ್ಕಾರದ ಒಪ್ಪಿಗೆ ಬೇಕಾಯಿತು. 1956ರ ಕೊನೆಯಲ್ಲಿ ಅದನ್ನು ಸಡಿಲಿಸಿ ಬೇರೆ ಆಜ್ಞೆ ಬಂದರೂ ಹೊಸ ಧರ್ಮಕೇಂದ್ರ ಸ್ಥಾಪಿಸಲು ಸರ್ಕಾರದ ಅನುಮತಿ ಬೇಕೆಂಬುದು ಉಳಿದೇ ಉಳಿಯಿತು. ಕಟ್ಟಡಕ್ಕೆ ನಿವೇಶನ, ಪರವಾನಗಿ, ಸಿಮೆಂಟು, ಕಬ್ಬಿಣ, ಇವೂ ಸರ್ಕಾರದ ಕೈಯಲ್ಲೇ. ಖಾಸಗಿಯವರಿಂದ ಕೊಂಡುತರೋಣವೆಂದರೆ ಅಂಥ ಮಾರುಕಟ್ಟೆಯೇ ಇರಲಿಲ್ಲ.

1956 ಪೋಲೆಂಡಿನಲ್ಲಿ ಗಾಳಿ ಬದಲಾದ ವರ್ಷ. ಜೂನಿನಲ್ಲಿ ಪೊಜ್ನಾನ್ ನಗರದ ಕಾರ್ಮಿಕರು ಬೀದಿಗಿಳಿದರು, ಗುಂಡೇಟು ತಿಂದರು. ಅಕ್ಟೋಬರಿನಲ್ಲಿ ವ್ವಾದಿಸ್ವಾವ್ ಗೊಮುಲ್ಕಾ ಪಕ್ಷದ ಚುಕ್ಕಾಣಿ ಹಿಡಿದರು. ಮೂರು ವರ್ಷ ಬಂಧನದಲ್ಲಿದ್ದ ಕಾರ್ಡಿನಲ್ ಸ್ತೆಫಾನ್ ವಿಶಿನ್ಸ್ಕಿ ಬಿಡುಗಡೆಯಾಗಿ ವಾರ್ಸಾಗೆ ಮರಳಿದರು. ಆ ಸಡಿಲಿಕೆಯ ದಿನಗಳಲ್ಲಿ ನೋವಾ ಹುತಾದ ಜನರು ಮುಂದಿಟ್ಟ ಬೇಡಿಕೆಗಳಲ್ಲಿ ಇಗರ್ಜಿಯೂ ಒಂದು. ಸರ್ಕಾರ ಒಪ್ಪಿತು. ತೆಯಾತ್ರಾಲ್ನೆ ಬಡಾವಣೆಯಲ್ಲಿ, ಕಾರ್ಲ್ ಮಾರ್ಕ್ಸ್ ರಸ್ತೆಯೂ ಮಾಯಕೋವ್ಸ್ಕಿ ರಸ್ತೆಯೂ ಕೂಡುವಲ್ಲಿ ಬಯಲೊಂದನ್ನು ಗೊತ್ತುಮಾಡಲಾಯಿತು. 1957ರ ಮಾರ್ಚ್ 17ರಂದು ಅಲ್ಲಿ ಮರದ ಶಿಲುಬೆಯೊಂದನ್ನು ನೆಟ್ಟು ಆಶೀರ್ವದಿಸಿದರು. ವಾಸ್ತುಶಿಲ್ಪಿಗಳ ಸಂಘದ ಮೂಲಕ ವಿನ್ಯಾಸ ಸ್ಪರ್ಧೆಯೂ ನಡೆದು ಜ್ಬಿಗ್ನೆವ್ ಸೊಲಾವಾ ಅವರ ನಕ್ಷೆ ಗೆದ್ದಿತು. ಜನ ಚಂದಾ ಕೊಡತೊಡಗಿದರು. ಕಟ್ಟಡ ಏಳುವ ಮೊದಲೇ ಆ ಶಿಲುಬೆಯ ಬುಡ ಪ್ರಾರ್ಥನೆಯ ಜಾಗವಾಯಿತು. ಕೆಲಸಕ್ಕೆ ಹೋಗುವ ಹೆಂಗಸರು ಹೂವಿಟ್ಟು ಹೋಗುತ್ತಿದ್ದರು, ಸಂಜೆ ಮೇಣದಬತ್ತಿ ಹಚ್ಚುತ್ತಿದ್ದರು.

ಸಡಿಲಿಕೆ ಹೆಚ್ಚು ದಿನ ಬಾಳಲಿಲ್ಲ. ಪೋಲೆಂಡಿನ ಅರಸ ಮಿಯೆಷ್ಕೊ ದೀಕ್ಷಾಸ್ನಾನ ಪಡೆದದ್ದು 966ರಲ್ಲಿ. ಅದರ ಸಾವಿರದ ವರ್ಷಕ್ಕಾಗಿ ಸಭೆ ಒಂಬತ್ತು ವರ್ಷಗಳ ಪ್ರಾರ್ಥನೆಯ ಸಿದ್ಧತೆಯಲ್ಲಿ ತೊಡಗಿತ್ತು. ಸರ್ಕಾರ ಅದಕ್ಕೆ ಎದುರಾಗಿ ಪೋಲಿಷ್ ರಾಜ್ಯದ ಸಾವಿರ ವರ್ಷಕ್ಕೆ ಸಾವಿರ ಶಾಲೆಗಳು ಎಂಬ ಕಾರ್ಯಕ್ರಮ ಹಾಕಿಕೊಂಡಿತು. ಆ ಸಾವಿರದಲ್ಲೊಂದು ಶಾಲೆಯನ್ನು ಶಿಲುಬೆ ನಿಂತ ಬಯಲಿನಲ್ಲೇ ಕಟ್ಟಬೇಕೆಂದು ತೀರ್ಮಾನವಾಯಿತು. ಇಗರ್ಜಿಗೆ ಕೊಟ್ಟ ಅನುಮತಿ ರದ್ದಾಯಿತು, ಕೂಡಿದ್ದ ಹಣವನ್ನು ಮುಟ್ಟುಗೋಲು ಹಾಕಿಕೊಂಡರು. ಮಕ್ಕಳಿಂದ ತುಂಬಿದ ಆ ಊರಿಗೆ ಶಾಲೆ ನಿಜಕ್ಕೂ ಬೇಕಿತ್ತು. ಆದರೆ ಒಂದು ಊರಿನ ಜನರಿಗೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಲು ಅವರ ಮಕ್ಕಳ ಶಾಲೆಯನ್ನೇ ನೆಪ ಮಾಡಿಕೊಂಡದ್ದು ನನಗೆ ಆ ಸರ್ಕಾರದ ಅತ್ಯಂತ ಕ್ರೂರ ನಡೆಗಳಲ್ಲಿ ಒಂದಾಗಿ ಕಾಣುತ್ತದೆ.

1960ರ ಏಪ್ರಿಲ್ 27, ಬುಧವಾರ. ಈಸ್ಟರ್ ಕಳೆದು ಇನ್ನೂ ಎರಡು ವಾರವಾಗಿರಲಿಲ್ಲ. ಬೆಳಿಗ್ಗೆ ಕೆಲಸಗಾರರ ತಂಡವೊಂದು ಸಲಿಕೆ ಗುದ್ದಲಿ ಹಿಡಿದು ಬಂದು ಶಿಲುಬೆಯ ಬುಡ ಅಗೆಯಲು ಶುರುಮಾಡಿತು. ಮೊದಲು ನೋಡಿದವರು ಹೆಂಗಸರು. ಗಂಡಸರು ಪಾಳಿಯ ಮೇಲೆ ಕಾರ್ಖಾನೆಯಲ್ಲಿದ್ದ ಹೊತ್ತು. ಸುತ್ತಲಿನ ಫ್ಲ್ಯಾಟುಗಳಿಂದ, ಅಂಗಡಿಯ ಸಾಲುಗಳಿಂದ ಅವರು ಬಂದು ಕೂಡಿದರು. ಮೊದಲು ಬೈದರು, ಬೇಡಿಕೊಂಡರು. ಆಮೇಲೆ ಅಗೆದ ಹೊಸ ಮಣ್ಣಿನ ಹೆಂಟೆಗಳನ್ನೇ ಎತ್ತಿ ಎಸೆದರು. ಕೆಲಸಗಾರರು ಹಿಂದೆ ಸರಿದರು. ಹೆಂಗಸರು ಅಗೆದ ಗುಂಡಿಯನ್ನು ಕೈಯಿಂದಲೇ ಮುಚ್ಚಿ ಶಿಲುಬೆಯ ಸುತ್ತ ನಿಂತು ಹಾಡತೊಡಗಿದರು.

ಮಧ್ಯಾಹ್ನದ ಪಾಳಿ ಬದಲಾಯಿತು. ಕಾರ್ಖಾನೆಯ ಗೇಟಿನಿಂದ ಹೊರಬಿದ್ದ ಗಂಡಸರು ಮನೆಗೆ ಹೋಗದೆ ನೇರ ಬಯಲಿಗೆ ಬಂದರು. ಸಂಜೆಯ ಹೊತ್ತಿಗೆ ಅಲ್ಲಿ ಸಾವಿರಾರು ಜನ. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು, ಜಲಫಿರಂಗಿ ತಂದರು. ಜನ ಕಲ್ಲೆಸೆದರು, ಒಂದು ಗುಂಪು ಜಿಲ್ಲಾ ಆಡಳಿತದ ಕಚೇರಿಗೆ ನುಗ್ಗಿತು. ಗುಂಡಿನ ಸದ್ದೂ ಕೇಳಿತು. ರಾತ್ರಿಯೆಲ್ಲ ಬೀದಿಗಳಲ್ಲಿ, ಮನೆಗಳ ಮೆಟ್ಟಿಲುಗಳಲ್ಲಿ ಬೆನ್ನಟ್ಟಿ ಹಿಡಿದರು. ಬಂಧಿತರು ಸುಮಾರು ಐನೂರು ಜನ. ಅವರಲ್ಲಿ 87 ಮಂದಿಗೆ ಜೈಲು ಶಿಕ್ಷೆಯಾಯಿತು. ಅನೇಕರು ಕೆಲಸ ಕಳೆದುಕೊಂಡರು. ಸರ್ಕಾರವೇ ತನ್ನ ಆದರ್ಶ ಎಂದು ಹೇಳಿಕೊಂಡ ಊರಿನಲ್ಲಿ, ತನ್ನವರೇ ಎಂದುಕೊಂಡಿದ್ದ ಉಕ್ಕಿನ ಕಾರ್ಮಿಕರು ತನ್ನ ಪೊಲೀಸರ ಮೇಲೆ ತಿರುಗಿಬಿದ್ದಿದ್ದರು. ವಾರ್ಸಾದಲ್ಲಿ ಇದರ ಬಿಸಿ ಎಷ್ಟು ತಟ್ಟಿತೆಂಬುದಕ್ಕೆ ಒಂದೇ ಸಾಕ್ಷಿ ಸಾಕು: ಪಕ್ಕದಲ್ಲಿ ಶಾಲೆ ಎದ್ದಿತು, ಶಿಲುಬೆಯನ್ನು ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ.

ಇಗರ್ಜಿಯಂತೂ ಸಿಗಲಿಲ್ಲ. ಹೋರಾಟವೀಗ ಬೇರೆ ರೂಪ ತಾಳಿತು. ಬೀದಿಯ ಕಾಳಗಕ್ಕಿಂತ ಇದು ನಿಧಾನದ್ದು, ವರ್ಷಗಟ್ಟಲೆ ಎಳೆದದ್ದು. ನನ್ನ ದೃಷ್ಟಿಯಲ್ಲಿ ಧರ್ಮಕೇಂದ್ರವನ್ನು ಕಟ್ಟಿದ್ದು ಈ ನಿಧಾನವೇ.

1958ರ ಸೆಪ್ಟೆಂಬರಿನಲ್ಲಿ ಕ್ರಾಕೋಗೆ ಒಬ್ಬ ತರುಣ ಸಹಾಯಕ ಬಿಷಪ್ಪರು ಬಂದಿದ್ದರು. ವಯಸ್ಸು 38, ಹೆಸರು ಕರೋಲ್ ವೊಯ್ತಿಲಾ. ಯುದ್ಧಕಾಲದಲ್ಲಿ ಜರ್ಮನರ ಆಳ್ವಿಕೆಯ ಕೆಳಗೆ ಅವರು ಇದೇ ನಗರದ ಕಲ್ಲುಗಣಿಯಲ್ಲಿ, ಆಮೇಲೆ ಸೊಲ್ವೇ ರಾಸಾಯನಿಕ ಕಾರ್ಖಾನೆಯಲ್ಲಿ ಕೂಲಿ ಮಾಡಿದವರು; ರಾತ್ರಿ ಪಾಳಿಯಲ್ಲಿ ಸುಣ್ಣದ ನೀರಿನ ಬಕೆಟ್ಟು ಹೊತ್ತವರು. ಕಾರ್ಮಿಕರ ಮೈಯ ದಣಿವು ಪುಸ್ತಕದಿಂದ ಕಲಿತ ಸಂಗತಿಯಾಗಿರಲಿಲ್ಲ ಅವರಿಗೆ. 1959ರ ಕ್ರಿಸ್ಮಸ್ ರಾತ್ರಿ ಅವರು ನೋವಾ ಹುತಾದ ತೆರೆದ ಬಯಲಿನಲ್ಲಿ ನಡುರಾತ್ರಿಯ ಬಲಿಪೂಜೆ ಅರ್ಪಿಸಿದರು. ಮುಂದಿನ ವರ್ಷಗಳಲ್ಲೂ ಅದನ್ನು ನಡೆಸಿಕೊಂಡು ಬಂದರು. ಕ್ರಾಕೋದ ಡಿಸೆಂಬರ್ ಚಳಿಯಲ್ಲಿ ಉಸಿರು ಹೊಗೆಯಾಗುತ್ತದೆ, ಕೈಬೆರಳು ಮರಗಟ್ಟುತ್ತವೆ. ಆ ಹಿಮದಲ್ಲಿ ಸಾವಿರಾರು ಜನ ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಿಲ್ಲುತ್ತಿದ್ದರು. 1964ರಲ್ಲಿ ವೊಯ್ತಿಲಾ ಕ್ರಾಕೋದ ಮಹಾಧರ್ಮಾಧ್ಯಕ್ಷರಾದ ಮೇಲೂ, 1967ರಲ್ಲಿ ಕಾರ್ಡಿನಲ್ ಆದ ಮೇಲೂ ಕ್ರಿಸ್ಮಸ್ ರಾತ್ರಿ ಅವರು ಇಂಥ ಬಯಲು ಪೂಜೆಗಳಿಗೆ ಬರುವುದನ್ನು ಬಿಡಲಿಲ್ಲ. ವಾವೆಲ್ ಕೋಟೆಯ ಮೇಲಿನ ತಮ್ಮ ಕಥೀಡ್ರಲಿನಲ್ಲಿ ಬೆಚ್ಚಗೆ ಪೂಜೆ ಮಾಡಬಹುದಿತ್ತು. ಅಧಿಕಾರಿಗಳಿಗೆ ಅವರು ಸಲ್ಲಿಸಿದ ಅರ್ಜಿಗಳಿಗಿಂತ ಈ ಹಿಮದ ಪೂಜೆ ಹೆಚ್ಚು ಕೆಲಸ ಮಾಡಿತು. ಇಷ್ಟೊಂದು ಜನ ಆಕಾಶದ ಕೆಳಗೆ ನಿಂತಿರುವುದನ್ನು ಇಡೀ ಊರು ಪ್ರತಿ ವರ್ಷ ನೋಡುತ್ತಿತ್ತು.

1965ರಲ್ಲಿ ಫಾದರ್ ಯೂಝೆಫ್ ಗೊಝೆಲಾನಿ ಬಿಯೆಂಚಿತ್ಸೆಯ ಗುರುಗಳಾಗಿ ಬಂದರು. ಕಾಗದ ಪತ್ರ, ಕಚೇರಿ, ಎಂಜಿನಿಯರು, ಮೇಸ್ತ್ರಿ ಎಲ್ಲರನ್ನೂ ಸಂಭಾಳಿಸಬಲ್ಲ ಮನುಷ್ಯ. ಹೊಸ ಧರ್ಮಕೇಂದ್ರಕ್ಕೆ ಮೊದಲು ಕಳಿಸಬೇಕಾದದ್ದು ಇಂಥ ಗುರುವನ್ನೇ ಎಂಬುದು ಇಂಥ ಕೆಲಸವನ್ನು ಹತ್ತಿರದಿಂದ ಕಂಡ ಎಲ್ಲರಿಗೂ ಗೊತ್ತು. 1967ರ ಅಕ್ಟೋಬರಿನಲ್ಲಿ ಕೊನೆಗೂ ಪರವಾನಗಿ ಬಂತು. ಜಾಗ ಶಿಲುಬೆಯ ಬಯಲಲ್ಲ. ಬಿಯೆಂಚಿತ್ಸೆಯ ಪುಟ್ಟ ಪ್ರಾರ್ಥನಾಲಯದ ಬಳಿ. ಅಕ್ಟೋಬರ್ 14ರಂದು ಕಾರ್ಡಿನಲ್ ವೊಯ್ತಿಲಾ ಸಲಿಕೆ ಹಿಡಿದು ಮೊದಲ ಮಣ್ಣು ತೆಗೆದರು. 1969ರ ಮೇ 18ರಂದು ಅಡಿಗಲ್ಲು ಇಟ್ಟರು. ಅದು ರೋಮಿನ ಸಂತ ಪೇತ್ರರ ಮಹಾದೇವಾಲಯದಿಂದ ಆರನೆಯ ಪೌಲ್ ಪೋಪರು ಕಳಿಸಿಕೊಟ್ಟ ಕಲ್ಲು.

ಪರವಾನಗಿ ಕೊಟ್ಟ ಕೈಯೇ ಮಿಕ್ಕದ್ದನ್ನೆಲ್ಲ ಬಿಗಿಹಿಡಿಯಿತು. ದೊಡ್ಡ ಕಟ್ಟಡ ಕಂಪನಿಗಳೆಲ್ಲ ಸರ್ಕಾರದವು. ಅವುಗಳ ನೆರವು ಸಿಗಲಿಲ್ಲ. ಹಾಗಾಗಿ ಊರಿನವರೇ ಕಟ್ಟಿದರು. ಕಾರ್ಖಾನೆಯ ಪಾಳಿ ಮುಗಿಸಿದ ವೆಲ್ಡರು, ರಜೆಯ ದಿನ ಬಂದ ಬಡಗಿ, ಮಣ್ಣು ಹೊರುವ ವಿದ್ಯಾರ್ಥಿಗಳು. ದೇಶದ ಬೇರೆ ಊರುಗಳಿಂದಲೂ ಹೊರದೇಶಗಳಿಂದಲೂ ಸ್ವಯಂಸೇವಕರು ಬಂದರು. ಹತ್ತು ವರ್ಷ ಹಿಡಿಯಿತು.

ವಾಸ್ತುಶಿಲ್ಪಿ ವೊಯ್ಚೆಖ್ ಪಿಯೆತ್ಶಿಕ್. ಫ್ರಾನ್ಸಿನ ರೋಂಶಾಂನಲ್ಲಿ ಲ ಕಾರ್ಬುಸಿಯೇ ಕಟ್ಟಿದ ಪ್ರಾರ್ಥನಾಲಯ ಅವರ ಮನಸ್ಸಿನಲ್ಲಿತ್ತು. ನಮ್ಮ ಚಂಡೀಗಢವನ್ನು ರೂಪಿಸಿದ ಅದೇ ಕಾರ್ಬುಸಿಯೇ. ಪಿಯೆತ್ಶಿಕ್ ಅದನ್ನು ದೋಣಿಯ ಆಕಾರಕ್ಕೆ ತಿರುಗಿಸಿದರು. ಪ್ರಳಯದ ನೀರಿನ ಮೇಲೆ ತೇಲಿ ಅರಾರಾತ್ ಬೆಟ್ಟಕ್ಕೆ ಬಂದು ನಿಂತ ನೋಹನ ನಾವೆ. ನಾವೆಯ ನಡುವಿನಿಂದ ಮೇಲೇಳುವ 70 ಮೀಟರಿನ ಉಕ್ಕಿನ ಸ್ತಂಭವೇ ಶಿಲುಬೆ, ಅದೇ ಹಡಗಿನ ಪಟಗಂಬ. ಜನರು ಅದನ್ನು ಕರೆದದ್ದೂ ಪ್ರಭುವಿನ ನಾವೆ ಎಂದೇ. ಹೊರಗೋಡೆಗಳಿಗೆ ಬೇಕಾದ ಕಲ್ಲಿಗಾಗಿ ಫಾದರ್ ಗೊಝೆಲಾನಿ ದೇಶಕ್ಕೇ ಕರೆಕೊಟ್ಟರು. ಪೋಲೆಂಡಿನ ಹೊಳೆಗಳಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಚೀಲಗಳಲ್ಲಿ ಬಂದವು. ಗೋಡೆಯನ್ನು ಹೊದಿಸಿರುವ ಅಂಥ ಕಲ್ಲುಗಳು ಇಪ್ಪತ್ತು ಲಕ್ಷದಷ್ಟು. ಹತ್ತಿರ ನಿಂತು ನೋಡಿದರೆ ಒಂದು ಕಲ್ಲಿನ ಬಣ್ಣ ಇನ್ನೊಂದಕ್ಕಿಲ್ಲ: ಬೂದು, ಕೆಂಗಂದು, ಹಾಲಿನಂಥ ಬಿಳುಪು, ಕೆಲವಕ್ಕೆ ನಡುವೆ ಗೆರೆ. ಯಾರೋ ಒಬ್ಬರು ಬಗ್ಗಿ ಹೊಳೆಯ ತಳದಿಂದ ಎತ್ತಿಕೊಂಡದ್ದು ಪ್ರತಿಯೊಂದೂ.

ಒಳಗೆ ಪೀಠದ ಬಳಿ ಬ್ರೊನಿಸ್ವಾವ್ ಖ್ರೊಮಿ ಎರಕ ಹೊಯ್ದ ಯೇಸುವಿನ ಬೃಹತ್ ಪ್ರತಿಮೆಯಿದೆ. ಶಿಲುಬೆಯ ಮರವಿಲ್ಲ, ನೋವಿನಿಂದ ಬಿಲ್ಲಿನಂತೆ ಬಾಗಿದ ಮೈ ಗಾಳಿಯಲ್ಲಿ ಹಾರಿ ಜನರ ಕಡೆಗೆ ಬರುವಂತಿದೆ. ಪರಮಪ್ರಸಾದದ ಪೆಟ್ಟಿಗೆಯಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನಿಂದ ತಂದ ಹರಳಿನ ಚೂರು ಇದೆಯೆಂದು ಬಂದವರಿಗೆಲ್ಲ ತೋರಿಸುತ್ತಾರೆ. ನನ್ನನ್ನು ಹೆಚ್ಚು ತಟ್ಟುವುದು ಇನ್ನೊಂದು ಮೂರ್ತಿ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಮೊಂತೆ ಕಸ್ಸೀನೋ ಬೆಟ್ಟಕ್ಕಾಗಿ ಕಾದಾಡಿದ ಪೋಲಿಷ್ ಸೈನಿಕರ ಗಾಯಗಳಿಂದ ಹೊರತೆಗೆದ ಗುಂಡಿನ ಚೂರುಗಳನ್ನು ಕರಗಿಸಿ ಮಾತೆ ಮರಿಯಳ ವಿಗ್ರಹ ಮಾಡಿದ್ದಾರೆ. ಉಕ್ಕು ಕರಗಿಸುವುದೇ ಕಸುಬಾದ ಊರಿನಲ್ಲಿ ಇದರ ಮುಂದೆ ಮಂಡಿಯೂರುವವರಿಗೆ ಲೋಹದ ಬಗ್ಗೆ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ.

1977ರ ಮೇ 15ರಂದು ಕಾರ್ಡಿನಲ್ ವೊಯ್ತಿಲಾ ಪ್ರಭುವಿನ ನಾವೆಯನ್ನು ಪ್ರತಿಷ್ಠಾಪಿಸಿದರು. ಶಿಲುಬೆ ನೆಟ್ಟು ಇಪ್ಪತ್ತು ವರ್ಷವಾಗಿತ್ತು. ಆಗ ಎಳೆಗೂಸಾಗಿದ್ದವರು ಈಗ ತಾವೇ ಕಾರ್ಖಾನೆಯ ಪಾಳಿಗೆ ಹೋಗುತ್ತಿದ್ದರು. ಮರುವರ್ಷದ ಅಕ್ಟೋಬರಿನಲ್ಲಿ ವೊಯ್ತಿಲಾ ಎರಡನೆಯ ಜಾನ್ ಪೌಲ್ ಎಂಬ ಹೆಸರಿನಲ್ಲಿ ಪೋಪ್ ಆದರು. 1986ರ ಫೆಬ್ರವರಿ 6ರಂದು ಮಂಗಳೂರಿಗೆ ಬಂದಿದ್ದರಲ್ಲ, ಅವರೇ. ಬಯಲಿನಲ್ಲಿ ಜನಸಾಗರದ ಮುಂದೆ ಪೂಜೆ ಅರ್ಪಿಸುವುದು ಅವರಿಗೆ ಹೊಸದಾಗಿರಲಿಲ್ಲ. ಅದರ ಅಭ್ಯಾಸವಾದದ್ದು ನೋವಾ ಹುತಾದ ಹಿಮದಲ್ಲಿ.

1979ರ ಜೂನಿನಲ್ಲಿ ಪೋಪ್ ಆಗಿ ತಾಯ್ನಾಡಿಗೆ ಬಂದಾಗ ತಾವೇ ಪ್ರತಿಷ್ಠಾಪಿಸಿದ ಇಗರ್ಜಿಗೆ ಹೋಗಲು ಸರ್ಕಾರ ಬಿಡಲಿಲ್ಲ. ಅವರು ಜೂನ್ 9ರಂದು ಮೊಗಿವಾದ ಹಳೆಯ ಮಠಕ್ಕೆ ಬಂದರು. ಜನರೇ ಅಲ್ಲಿಗೆ ನಡೆದು ಹೋದರು. ಅಂದಿನ ಪ್ರಬೋಧನೆಯಲ್ಲಿ ಅವರು ಹೊಸ ಊರಿನ ಶಿಲುಬೆಯನ್ನು ನೆನೆದು, ಹೊಸ ಶುಭಸಂದೇಶ ಪ್ರಸಾರದ ಕೆಲಸ ಅಲ್ಲಿಂದ ಆರಂಭವಾಯಿತೆಂದರು. ನಂತರದ ದಶಕಗಳಲ್ಲಿ ಲೋಕದ ಕಥೋಲಿಕ ಸಭೆಯೆಲ್ಲ ಬಳಸಿದ ಆ ವಿಚಾರವನ್ನು ಪೋಪ್ ಮೊದಲು ಆಡಿದ್ದು ಉಕ್ಕಿನ ಕಾರ್ಮಿಕರ ಮುಂದೆ.

ಒಂದು ಇಗರ್ಜಿಯಾದರೆ ಸಾಕಾಗುವ ಊರಾಗಿರಲಿಲ್ಲ ಅದು. 1960ರ ದಶಕದ ಕೊನೆಗೆ ನೋವಾ ಹುತಾದ ಉತ್ತರಕ್ಕೆ ಮಿಸ್ತ್ಶೆಯೊವಿತ್ಸೆ ಎಂಬಲ್ಲಿ ಕಾಂಕ್ರೀಟಿನ ಅಚ್ಚುಹಲಗೆಗಳ ಬಹುಮಹಡಿ ವಸತಿಗಳು ಏಳತೊಡಗಿದವು. ಅಲ್ಲಿಯೂ ಇಗರ್ಜಿಯಿಲ್ಲ. 1970ರಲ್ಲಿ ಫಾದರ್ ಯೂಝೆಫ್ ಕುಝೆಯಾ ಎಂಬ ತರುಣ ಗುರು ಆ ಜಾಗದಲ್ಲಿ ಹಸಿರು ಬಣ್ಣದ ಮರದ ಗೂಡೊಂದನ್ನು ನಿಲ್ಲಿಸಿದರು. ಕಾವಲುಗಾರನ ಗೂಡಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಶಾಲೆಗಳಲ್ಲಿ ಧರ್ಮೋಪದೇಶ ಹೇಳಿಕೊಡುವುದನ್ನು 1961ರ ಕಾನೂನು ನಿಲ್ಲಿಸಿಬಿಟ್ಟಿತ್ತು. ಮಕ್ಕಳಿಗೆ ಪಾಠ ಹೇಳಲು ಎಲ್ಲಾದರೂ ಒಂದು ಸೂರು ಬೇಕಿತ್ತು. ಪಾಠದಿಂದ ಶುರುವಾದದ್ದು ಪೂಜೆಯಾಯಿತು. ಗುರು ಗೂಡಿನಲ್ಲಿ, ಜನ ಕೆಸರಿನಲ್ಲಿ. ರಹಸ್ಯ ಪೊಲೀಸರು ಕುಝೆಯಾ ಅವರನ್ನು ಮತ್ತೆ ಮತ್ತೆ ಕರೆಸಿ ವಿಚಾರಿಸಿದರು, ದಂಡ ಹಾಕಿದರು, ಬೆದರಿಸಿದರು. ಅವರು ಗೂಡನ್ನು ತೆಗೆಯಲಿಲ್ಲ. ಕುಝೆಯಾ ಅವರ ಬೆನ್ನಿಗೆ ವೊಯ್ತಿಲಾ ನಿಂತರು. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಅಲ್ಲಿಗೂ ಹೋದರು. ಕೊನೆಗೆ ಕಟ್ಟಲು ಒಪ್ಪಿಗೆ ಬಂತು. ಆದರೆ ಆ ಎಳೆದಾಟ ಗುರುವಿನ ಹೃದಯವನ್ನು ಹಣ್ಣುಮಾಡಿತ್ತು. 1976ರ ಆಗಸ್ಟ್ 15, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬದ ದಿನ, ಕುಝೆಯಾ ತೀರಿಕೊಂಡರು. ಅವರಿಗೆ ನಲವತ್ತೂ ತುಂಬಿರಲಿಲ್ಲ.

ನೋವಾ ಹುತಾದ ಬಗ್ಗೆ ಬರೆಯುವವರು ಪ್ರಭುವಿನ ನಾವೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಈ ಹಸಿರು ಗೂಡಿಗೆ ಎರಡು ಸಾಲು ಕೊಡುತ್ತಾರೆ. ನನಗೆ ಈ ಗೂಡೇ ದೊಡ್ಡದಾಗಿ ಕಾಣುತ್ತದೆ. ಗೊಝೆಲಾನಿಯವರ ಕೈಯಲ್ಲಿ ಪರವಾನಗಿಯಿತ್ತು, ರೋಮಿನ ಕಲ್ಲಿತ್ತು, ಲೋಕದ ಕಣ್ಣು ಅವರ ಮೇಲಿತ್ತು. ಕುಝೆಯಾ ಅವರ ಬಳಿ ಇದ್ದದ್ದು ನಾಲ್ಕು ಹಲಗೆ, ಮತ್ತು ಸಂಜೆ ಬಂದು ನಿಲ್ಲುತ್ತಿದ್ದ ಮಕ್ಕಳು. ಹೊಸ ಬಡಾವಣೆಯೊಂದರಲ್ಲಿ ಯಾರು ಯಾರಿಗೂ ಪರಿಚಯವಿರುವುದಿಲ್ಲ. ಮೇಲಿನ ಮನೆಯವರ ಹೆಸರು ಕೆಳಗಿನ ಮನೆಯವರಿಗೆ ಗೊತ್ತಿರುವುದಿಲ್ಲ. ಮಳೆಯಲ್ಲಿ ಒಂದೇ ಗೂಡಿನ ಮುಂದೆ ನಿಂತ ಆ ಅಪರಿಚಿತರು ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಂಡರು, ಒಂದೇ ಕೊಡೆಯ ಕೆಳಗೆ ಮೂವರು ಸೇರಿದರು. ಕಾನೂನಿನ ಕಾಗದ ಬರುವ ಹೊತ್ತಿಗೆ ಅಲ್ಲೊಂದು ಧರ್ಮಕೇಂದ್ರ ಆಗಿಹೋಗಿತ್ತು.

ಅಲ್ಲಿ ಎದ್ದ ಇಗರ್ಜಿಗೆ ಔಶ್ವಿಟ್ಸ್ ಶಿಬಿರದಲ್ಲಿ ಬೇರೊಬ್ಬ ಕೈದಿಯ ಬದಲಿಗೆ ತಾನು ಸಾಯಲು ಮುಂದೆ ಬಂದ ಮ್ಯಾಕ್ಸಿಮಿಲಿಯನ್ ಕೊಲ್ಬೆಯವರ ಹೆಸರು. ಕೊಲ್ಬೆಯವರನ್ನು 1982ರ ಅಕ್ಟೋಬರ್ 10ರಂದು ರೋಮಿನಲ್ಲಿ ಸಂತರೆಂದು ಸಾರಲಾಯಿತು. ಅದಾಗಿ ಮೂರೇ ದಿನಕ್ಕೆ, ಸೈನಿಕ ಆಡಳಿತದ ಬಿಗಿಯಲ್ಲಿದ್ದ ನೋವಾ ಹುತಾದಲ್ಲಿ ನಿಷೇಧಿತ ಕಾರ್ಮಿಕ ಸಂಘಟನೆ ಸಾಲಿಡಾರಿಟಿಯ ಪರವಾಗಿ ಮೆರವಣಿಗೆ ಹೊರಟಿತು. ಪ್ರಭುವಿನ ನಾವೆಯ ಬಳಿ ಭದ್ರತಾ ಪೊಲೀಸನೊಬ್ಬನ ಗುಂಡಿಗೆ ಬೊಗ್ದಾನ್ ವ್ವೊಶಿಕ್ ಎಂಬ ಇಪ್ಪತ್ತು ವರ್ಷದ ಕಾರ್ಮಿಕ ಬಲಿಯಾದ. ಅವನು ಬಿದ್ದ ಜಾಗದ ಹತ್ತಿರ ಈಗ ಸ್ಮಾರಕವಿದೆ. ಇಗರ್ಜಿ ಕಟ್ಟಲು ಹೊರಟ ಹೋರಾಟ ಇಷ್ಟು ಹೊತ್ತಿಗೆ ಇಗರ್ಜಿಯ ಬಾಗಿಲಿನಿಂದ ಹೊರಗೆ, ಕಾರ್ಖಾನೆಯ ಕಾರ್ಮಿಕರ ಹಕ್ಕಿನ ಕಡೆಗೆ ಹರಿದಿತ್ತು.

1983ರ ಜೂನ್ 22ರಂದು ಎರಡನೆಯ ಜಾನ್ ಪೌಲ್ ಮತ್ತೆ ಬಂದರು. ಈ ಬಾರಿ ಅವರನ್ನು ತಡೆಯಲಾಗಲಿಲ್ಲ. ಮಿಸ್ತ್ಶೆಯೊವಿತ್ಸೆಗೆ ಹೋಗಿ ಸಂತ ಕೊಲ್ಬೆಯವರ ಇಗರ್ಜಿಯನ್ನು ತಾವೇ ಪ್ರತಿಷ್ಠಾಪಿಸಿದರು. ಅಲ್ಲಿಯ ಗುರುಗಳಲ್ಲೊಬ್ಬರಾದ ಫಾದರ್ ಕಜಿಮಿಯೆಶ್ ಯಾಂತ್ಸಾಶ್ ಗುರುವಾರಗಳಂದು ತಾಯ್ನಾಡಿಗಾಗಿ ಬಲಿಪೂಜೆ ನಡೆಸತೊಡಗಿದರು. ಕಾರ್ಮಿಕರಿಗಾಗಿ ಅಲ್ಲೊಂದು ಕ್ರೈಸ್ತ ವಿಶ್ವವಿದ್ಯಾಲಯವೂ ಶುರುವಾಯಿತು. ಪದವಿ ಕೊಡುವಂಥದ್ದಲ್ಲ, ಉಕ್ಕಿನ ಕಾರ್ಖಾನೆಯವರು ಪಾಳಿ ಮುಗಿಸಿ ಬಂದು ಇತಿಹಾಸ, ಕಾನೂನು, ಸಭೆಯ ಸಾಮಾಜಿಕ ಬೋಧನೆ ಕಲಿಯುತ್ತಿದ್ದರು. ಕ್ರಾಕೋದ ಪ್ರಾಧ್ಯಾಪಕರು ಉಪನ್ಯಾಸಕ್ಕೆ ಬಂದರು. ಹಳೆಯ ನಗರದ ಬುದ್ಧಿಜೀವಿಗಳ ವಿರುದ್ಧ ಎತ್ತಿಕಟ್ಟಲು ಯಾರನ್ನು ತಂದು ನೆಲೆಗೊಳಿಸಿದ್ದರೋ ಆ ಕಾರ್ಮಿಕರ ಪಕ್ಕದಲ್ಲಿ, ಇಗರ್ಜಿಯ ಕೆಳಮಹಡಿಯ ಕೋಣೆಗಳಲ್ಲಿ, ಆ ಬುದ್ಧಿಜೀವಿಗಳು ಕುಳಿತು ವಾರದಿಂದ ವಾರಕ್ಕೆ ಪಾಠ ಮಾಡಿದರು. ಹೋರಾಟದಲ್ಲಿ ಬಂಧಿತರಾಗಿ ಜೈಲಿನಲ್ಲಿದ್ದವರ ಮನೆಗಳಿಗೆ ಔಷಧ, ಬಟ್ಟೆ, ಹಾಲಿನ ಪುಡಿ ಇಲ್ಲಿಂದ ಹೋಗುತ್ತಿತ್ತು.